ಜೀತ ಕಂಡವರ ಬಾಯಿಮಾತು

ಜೀತದ ಚರಿತ್ರೆಗೆ ಕಾಗದಪತ್ರ ಕಡಿಮೆ. ಸಾಲದ ಚೀಟಿ ಇದ್ದರೂ ಅದು ಧಣಿಯ ಪೆಟ್ಟಿಗೆಯಲ್ಲಿ. ಹೆಬ್ಬೆಟ್ಟು ಒತ್ತಿದವನಿಗೆ ಅದರಲ್ಲಿ ಏನು ಬರೆದಿದೆಯೆಂದು ಓದಲು ಬಾರದು. ಹಾಗಾಗಿ ದುಡಿದವರ ನೆನಪೇ ಇಲ್ಲಿ ಮುಖ್ಯ ಆಧಾರ.

ಕಲಬುರಗಿ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಾಲ ತೀರಿಸಲು ಆಳಾಗಿ ದುಡಿಯುವ ಪದ್ಧತಿಗೆ ಆ ಸಂಸ್ಥಾನದಲ್ಲಿ ‘ಭಗೇಲಾ’ ಎಂಬ ಹೆಸರಿತ್ತು. ಅದಕ್ಕೆ ಕಡಿವಾಣ ಹಾಕಲು ಆಗಲೇ ನಿಯಮ ಬಂದರೂ ಪದ್ಧತಿ ನಿಲ್ಲಲಿಲ್ಲ. 1949ರಲ್ಲಿ ಜಾಗೀರುಗಳು ಹೋದವು, ಸಾಲದ ಹಿಡಿತ ಹೋಗಲಿಲ್ಲ. 1976ರ ಕೇಂದ್ರ ಕಾಯ್ದೆ ಜೀತವನ್ನು ರದ್ದುಮಾಡಿ, ಜೀತದ ಸಾಲವನ್ನೂ ಅಳಿಸಿಹಾಕಿತು. ಆಮೇಲೂ, 1978–79ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ನಡೆಸಿದ ಸಮೀಕ್ಷೆ ಹತ್ತು ರಾಜ್ಯಗಳಲ್ಲಿ ಸುಮಾರು 26 ಲಕ್ಷ ಜೀತದಾಳುಗಳಿದ್ದಾರೆಂದು ಅಂದಾಜಿಸಿತು.

ಸಾಲ ಜೀತದ್ದಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಆ ಕಾಯ್ದೆ ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಒತ್ತಾಯದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವೋ ಸಾಲವೋ ಇದೆಯೆಂದೇ ಭಾವಿಸಬೇಕೆಂದು ಸುಪ್ರೀಂ ಕೋರ್ಟ್ 1983ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದ ತೀರ್ಪಿನಲ್ಲಿ ಹೇಳಿತು. ಕಾಗದವಿಲ್ಲದ ಬಡವನ ಮಾತಿಗೆ ಕಾನೂನು ಕೊಟ್ಟ ಈ ಬೆಲೆಯನ್ನು ಚರಿತ್ರೆಕಾರರೂ ಕೊಡಬೇಕು.

ಇಂಥ ಬಾಯಿಮಾತನ್ನು ದಾಖಲಿಸುವ ಕೆಲಸ ಬೇರೆಡೆ ನಡೆದಿದೆ. ಅಮೆರಿಕದಲ್ಲಿ ಸರ್ಕಾರವೇ 1936ರಿಂದ 1938ರವರೆಗೆ ಮಾಜಿ ಗುಲಾಮರ 2,300ಕ್ಕೂ ಹೆಚ್ಚು ಕಥನಗಳನ್ನು ಬರೆಸಿತು. ಹೇಳಿದವರಲ್ಲಿ ಬಹುತೇಕರು ಮುಪ್ಪಿನವರು; ಗುಲಾಮಗಿರಿಯನ್ನು ಮಕ್ಕಳಾಗಿ ಕಂಡವರು. ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರು. ಅವರೆದುರು ಎಷ್ಟೋ ಮಂದಿ ಕಷ್ಟವನ್ನು ನುಂಗಿಕೊಂಡು, ಧಣಿ ಒಳ್ಳೆಯವನೇ ಎಂದರು. ನಮ್ಮಲ್ಲೂ ಜೀತ ದುಡಿದವರನ್ನು ಗೌಡರ ಕಟ್ಟೆಯ ಮೇಲೆ ಕೂಡಿಸಿ ಕೇಳಿದರೆ ಮಾತು ಹೀಗೆಯೇ ಮೊಟಕಾಗುತ್ತದೆ. ಕೇರಿಯ ಅವರದೇ ಮನೆಯಲ್ಲಿ, ಅವರಾಡುವ ಕನ್ನಡದಲ್ಲೇ ಕೇಳಬೇಕು. ಇಸವಿ ಕೇಳಿದರೆ ಉತ್ತರ ಸಿಗಲಿಕ್ಕಿಲ್ಲ. ಬರಗಾಲ, ಮಗಳ ಲಗ್ನ, ದನ ಕಾಯಲು ಹೋದ ವಯಸ್ಸು, ಯುಗಾದಿಗೆ ಅಳೆದುಕೊಟ್ಟ ಜೋಳ, ಮಲಗುತ್ತಿದ್ದ ಜಾಗ ಇವನ್ನು ಕೇಳಿದರೆ ಲೆಕ್ಕವೆಲ್ಲ ಹೊರಬರುತ್ತದೆ. ಹೆಣ್ಣುಮಕ್ಕಳನ್ನು ಬೇರೆಯಾಗಿ ಕೇಳುವುದು ಅಗತ್ಯ. ಸಾಲ ಗಂಡನ ಹೆಸರಲ್ಲಿದ್ದರೂ ಧಣಿಯ ಮನೆಯ ಕಸ, ಸಗಣಿ ಬಳಿದವರು ಅವರು.

ಕಾಯ್ದೆ ಬಂದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು. ಊರ ಶಾಲೆ, ಕಾಲೇಜುಗಳ ಮಕ್ಕಳು ಮೊಬೈಲಿನಲ್ಲಾದರೂ ಸರಿ, ಅವರ ಒಪ್ಪಿಗೆ ಪಡೆದು ಈ ಮಾತುಗಳನ್ನು ಈಗಲೇ ದಾಖಲಿಸಿಕೊಳ್ಳಲಿ.