ಕಿಣ್ವ ಕೂತ ಜಾಗ

ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಅದನ್ನು ಕರಗಿಸಲು ಕೊಡುವ ಔಷಧಗಳಲ್ಲಿ ಯುರೋಕೈನೇಸ್ ಒಂದು. ಹೊರಗಿನ ವಸ್ತುವೇನಲ್ಲ, ನಮ್ಮ ದೇಹವೇ ತಯಾರಿಸುವ ಕಿಣ್ವ. ಮೊದಲು ಅದನ್ನು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ. ಜೀವ ಉಳಿಸುವ ಇದೇ ಕಿಣ್ವ ಕ್ಯಾನ್ಸರ್ ಹರಡುವ ಕಡೆಯೂ ಹಾಜರಿರುತ್ತದೆ.

ಯುರೋಕೈನೇಸ್ ತಾನಾಗಿ ಹೆಪ್ಪನ್ನು ಕರಗಿಸುವುದಿಲ್ಲ. ರಕ್ತದಲ್ಲಿ ಸುಮ್ಮನಿರುವ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನನ್ನು ಕತ್ತರಿಸಿ ಪ್ಲಾಸ್ಮಿನ್ ಮಾಡುತ್ತದೆ. ಮುಂದಿನ ಕೆಲಸ ಪ್ಲಾಸ್ಮಿನ್ನದು. ಅದು ಹೆಪ್ಪಿನ ನಾರನ್ನಷ್ಟೇ ಕಡಿದು ಸುಮ್ಮನಾಗುವುದಿಲ್ಲ. ಜೀವಕೋಶಗಳ ನಡುವಿನ ಪ್ರೋಟೀನ್ ಜಾಲವನ್ನೂ ಕಡಿಯುತ್ತದೆ, ಅದೇ ಕೆಲಸದ ಬೇರೆ ಕಿಣ್ವಗಳನ್ನೂ ಎಬ್ಬಿಸುತ್ತದೆ. ಗಡ್ಡೆಯಿಂದ ಹೊರಬೀಳಲು ಕ್ಯಾನ್ಸರ್ ಕೋಶಕ್ಕೆ ಬೇಕಾದದ್ದೂ ಇದೇ. ಹೆಪ್ಪುಗಟ್ಟಿಸಿದ ಪ್ಲಾಸ್ಮಾದಲ್ಲಿ ಕೋಳಿಯ ಗಡ್ಡೆಯ ಚೂರನ್ನು ಬೆಳೆಸಿದರೆ ಸುತ್ತಲಿನ ಹೆಪ್ಪು ಕರಗುತ್ತದೆ ಎಂದು ಡೆನ್ಮಾರ್ಕಿನ ಆಲ್ಬರ್ಟ್ ಫಿಷರ್ 1925ರಲ್ಲೇ ಗಮನಿಸಿದ್ದರು.

ಆದರೆ ರಕ್ತದಲ್ಲಿ ತೇಲುವ ಕಿಣ್ವ ಬೇರೆ, ಕೋಶದ ಮೈಮೇಲೆ ಕೂತ ಕಿಣ್ವ ಬೇರೆ. ಹಾಗೆ ಕೂರಲು ಅದಕ್ಕೆಂದೇ ಒಂದು ಗ್ರಾಹಕವಿದೆ ಎಂಬುದು 1985ರಲ್ಲಿ ಗೊತ್ತಾಯಿತು. ಯುಪಿಎಆರ್ ಎನ್ನುವ ಈ ಗ್ರಾಹಕದ ರಚನೆ ವಿಚಿತ್ರ. ಇಡೀ ಪ್ರೋಟೀನು ಕೋಶದ ಹೊರಗೇ ಇದ್ದು, ಕೊಬ್ಬಿನ ಕೊಂಡಿಯೊಂದು ಅದನ್ನು ಪೊರೆಗೆ ಹಿಡಿದಿಟ್ಟಿದೆ. ಅದರ ಮೂರು ಭಾಗಗಳ ನಡುವಿನ ಗುಳಿಯಲ್ಲಿ ಕಿಣ್ವದ ಒಂದು ತುದಿ ಕೂರುತ್ತದೆ. ಕತ್ತರಿಸುವ ತುದಿ ಹೊರಗೆ ಬಿಡುವಾಗಿಯೇ ಇರುತ್ತದೆ. ಪಕ್ಕದಲ್ಲೇ ಪ್ಲಾಸ್ಮಿನೋಜೆನ್ ಕೂಡ ಅಂಟಿಕೊಂಡಿರುವುದರಿಂದ ಕೋಶ ಹೋದಲ್ಲೆಲ್ಲ ದಾರಿ ಕಡಿಯುವ ಸಲಕರಣೆ ಜೊತೆಗಿದ್ದಂತಾಯಿತು. ಒಳಗೆ ಬಾಲವಿಲ್ಲದ ಈ ಗ್ರಾಹಕ ಇಂಟೆಗ್ರಿನ್ ಎಂಬ ನೆರೆಯ ಪ್ರೋಟೀನುಗಳ ಮೂಲಕ ಕೋಶಕ್ಕೆ ಚಲಿಸುವ ಸೂಚನೆಯನ್ನೂ ಮುಟ್ಟಿಸುತ್ತದೆ.

ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಇನ್ನೂ ಒಂದು ಸಂಗತಿ ಇದೆ. ಅಲ್ಲಿ ಯುರೋಕೈನೇಸನ್ನು ಹೆಚ್ಚಾಗಿ ತಯಾರಿಸುವುದು ಗಡ್ಡೆಯ ಸುತ್ತಲಿನ ನಾರುಕೋಶಗಳು. ಗ್ರಾಹಕ ಮಾತ್ರ ಮುನ್ನುಗ್ಗುವ ಅಂಚಿನ ಕ್ಯಾನ್ಸರ್ ಕೋಶಗಳ ಮೇಲಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಸ್ತನ ಕ್ಯಾನ್ಸರ್‌ನಲ್ಲಿ ಈ ಕಿಣ್ವ ಹೆಚ್ಚಿದ್ದರೆ ರೋಗ ಮರಳುವ ಸಂಭವವೂ ಹೆಚ್ಚು ಎಂದು ಐರ್ಲೆಂಡಿನ ಮೈಕೆಲ್ ಡಫಿ ತಂಡ 1988ರಲ್ಲಿ ತೋರಿಸಿತು. ಹಾಗಾದರೆ ಕಿಣ್ವವನ್ನು ತಡೆಯುವ ಪಿಎಐ-1 ಪ್ರೋಟೀನು ಹೆಚ್ಚಿದ್ದವರು ಪಾರಾಗಬೇಕಿತ್ತಲ್ಲ? ಆದದ್ದು ತದ್ವಿರುದ್ಧ. ಪಿಎಐ-1 ಹೆಚ್ಚಿದ್ದವರ ಸ್ಥಿತಿಯೂ ಕೆಟ್ಟದ್ದೇ. ಇದಕ್ಕೆ ಕೊಡುವ ಒಂದು ವಿವರಣೆ ಹೀಗಿದೆ: ತಡೆ ಬಿದ್ದ ಕಿಣ್ವವನ್ನು ಕೋಶ ಗ್ರಾಹಕದ ಸಮೇತ ಒಳಗೆಳೆದುಕೊಂಡು, ಖಾಲಿ ಗ್ರಾಹಕವನ್ನು ಮತ್ತೆ ಮೇಲೆ ಕಳಿಸುತ್ತದೆ. ಅಂಟುವುದು, ಬಿಡುವುದು, ಮತ್ತೆ ಅಂಟುವುದು. ಕೋಶ ಸಾಗುವುದೇ ಹೀಗೆ.

ಗ್ರಾಹಕವನ್ನೇ ಮುಚ್ಚಿಬಿಡುವ ಔಷಧ ಯಾಕಿಲ್ಲ ಎಂದರೆ, ಮೊದಲ ಅಡ್ಡಿ ಇಲಿ. ಮನುಷ್ಯನ ಯುರೋಕೈನೇಸ್ ಇಲಿಯ ಗ್ರಾಹಕಕ್ಕೆ ಸರಿಯಾಗಿ ಕೂರುವುದಿಲ್ಲ. ಮಾನವ ಗಡ್ಡೆಯನ್ನು ಇಲಿಯಲ್ಲಿ ಬೆಳೆಸಿ ಔಷಧ ಪರೀಕ್ಷಿಸಿದರೆ ಗಡ್ಡೆ, ಅದರ ನೆರೆಹೊರೆ ಎರಡರ ಒಡನಾಟ ಪೂರ್ತಿ ಕಾಣುವುದಿಲ್ಲ. ಈ ನಡುವೆ ಗ್ರಾಹಕವನ್ನು ಗುರುತಾಗಿ ಬಳಸುವ ಕೆಲಸ ಮುಂದೆ ಹೋಗಿದೆ. ಕೋಪನ್‌ಹೇಗನ್ನಿನ ವೈದ್ಯರು ಅದಕ್ಕೆ ಅಂಟುವ ಪುಟ್ಟ ಪೆಪ್ಟೈಡಿಗೆ ವಿಕಿರಣಶೀಲ ತಾಮ್ರ ಜೋಡಿಸಿ, ಸ್ತನ, ಪ್ರಾಸ್ಟೇಟ್, ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೆ ಪೆಟ್ ಸ್ಕ್ಯಾನ್ ಮಾಡಿದರು. 2015ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿ ಮೂಲ ಗಡ್ಡೆಯ ಜೊತೆಗೆ, ದುಗ್ಧಗ್ರಂಥಿಗೆ ದಾಟಿದ ಕ್ಯಾನ್ಸರ್ ಕೂಡ ಕಂಡಿತು.