ಹೊರದೇಶದ ಸರಕು, ನಮ್ಮ ಮನೆಯ ಲೆಕ್ಕ

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೂ ಒಬ್ಬನು. ಸುಂಕ ವಸೂಲಿಯೇ ಅವನ ಕಾಯಕವಾಗಿತ್ತೆಂಬುದನ್ನು ಅವನ ಹೆಸರೇ ಸಾರುತ್ತದೆ. ಸುಂಕದ ಕಟ್ಟೆಯಲ್ಲಿ ಕುಳಿತವನೂ ಸತ್ಯಶುದ್ಧ ಕಾಯಕದಿಂದ ಶರಣನಾಗಬಲ್ಲನೆಂಬುದು ನಮ್ಮ ಪರಂಪರೆಯ ಹಿರಿಮೆ. ಹಾಗಿರುವಾಗ ಸುಂಕ ಕೊಡುವವನ ಪ್ರಾಮಾಣಿಕತೆಯೂ ಕಾಯಕದ ಒಂದು ಭಾಗವೇ ಅಲ್ಲವೇ?

ನಮ್ಮ ನರೇಗಲ್ಲ ಪರಿಸರಕ್ಕೆ ಸುಂಕದ ಮಾತು ಹೊಸದಲ್ಲ. ಊರಿನಲ್ಲಿರುವ ರಾಷ್ಟ್ರಕೂಟರ ಕಾಲದ ಬಸದಿ ಕ್ರಿ.ಶ. 950ರ ಸುಮಾರಿನದು. ಸಮೀಪದ ಲಕ್ಕುಂಡಿಯಲ್ಲಿ ನಾಣ್ಯಗಳ ಟಂಕಸಾಲೆಯೇ ಇತ್ತು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕದ ಹೆಸರುಗಳು ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂದು ಎತ್ತಿನ ಮೇಲೆ ಹೇರು ಬರುತ್ತಿತ್ತು; ಇಂದು ವಿಮಾನದಲ್ಲಿ ಪೆಟ್ಟಿಗೆ ಬರುತ್ತದೆ. ಸುಂಕದ ಕಟ್ಟೆ ಮಾತ್ರ ಹಾಗೆಯೇ ಉಳಿದಿದೆ.

ರೋಣ, ಗಜೇಂದ್ರಗಡ, ಅಬ್ಬಿಗೇರಿ, ಹಾಲಕೆರೆಯ ಮನೆತನಗಳ ಮಕ್ಕಳು ಓದು ಮತ್ತು ಉದ್ಯೋಗಕ್ಕಾಗಿ ಹೊರದೇಶಗಳಿಗೆ ಹೋಗುತ್ತಿರುವುದು ಸಂತೋಷದ ಸಂಗತಿ. ಅವರು ಜಾತ್ರೆಗೆ, ಮದುವೆಗೆ ಊರಿಗೆ ಬರುವಾಗ ಮನೆಮಂದಿಗೆಲ್ಲ ಏನಾದರೂ ತರಬೇಕೆನ್ನುತ್ತಾರೆ. ಮೊಮ್ಮಕ್ಕಳನ್ನು ನೋಡಲು ಹೋದ ಹಿರಿಯರೂ ಬರಿಗೈಲಿ ಮರಳುವುದಿಲ್ಲ. ಆದರೆ ತಿಳಿವಳಿಕೆಯಿಲ್ಲದೆ ತಂದ ಸರಕು ಕೆಲವೊಮ್ಮೆ ಇಲ್ಲಿಯ ಅಂಗಡಿಯ ಬೆಲೆಗಿಂತ ದುಬಾರಿಯಾಗುತ್ತದೆ. ಆದುದರಿಂದ ಈ ವಿಷಯವನ್ನು ಕುಟುಂಬಗಳ ತಿಳಿವಳಿಕೆಗಾಗಿ ಇಲ್ಲಿ ವಿವರಿಸುತ್ತಿದ್ದೇವೆ.

ಚೀಟಿಯ ಬೆಲೆಯೇ ಕೊನೆಯ ಬೆಲೆಯಲ್ಲ

ಹೊರದೇಶದಿಂದ ತರಿಸಿದ ಸರಕಿಗೆ ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ. ಸಾಗಣೆ ವೆಚ್ಚ ಮತ್ತು ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಅದರ ಮೇಲೆ ಮೂಲ ಸುಂಕ. ಆ ಸುಂಕದ ಮೇಲೆ 2018ರಲ್ಲಿ ಜಾರಿಗೆ ಬಂದ ಸಮಾಜ ಕಲ್ಯಾಣ ಅಧಿಭಾರ. ಇವೆಲ್ಲವನ್ನೂ ಕೂಡಿಸಿದ ಮೇಲೆ ಜಿ.ಎಸ್.ಟಿ. ಹೀಗೆ ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ. ವಸ್ತುವಿನ ಬೆಲೆ 10,000 ರೂ., ಸಾಗಣೆ ಮತ್ತು ವಿಮೆ 2,000 ರೂ. ಎಂದಿಟ್ಟುಕೊಳ್ಳೋಣ. ಮೂಲ ಸುಂಕ ಶೇ. 20 ಇದ್ದರೆ 2,400 ರೂ. ಆಗುತ್ತದೆ. ಅದರ ಮೇಲೆ ಶೇ. 10ರ ಅಧಿಭಾರ 240 ರೂ. ಈಗ ಒಟ್ಟು 14,640 ರೂ. ಆಯಿತು. ಇದರ ಮೇಲೆ ಜಿ.ಎಸ್.ಟಿ. ಶೇ. 18 ಎಂದರೆ 2,635 ರೂ. 20 ಪೈಸೆ. ಹತ್ತು ಸಾವಿರದ ವಸ್ತು ಮನೆಗೆ ಬರುವಷ್ಟರಲ್ಲಿ 17,275 ರೂ. ಮೀರಿತು! ಸುಂಕದ ದರ ವಸ್ತುವಿನಿಂದ ವಸ್ತುವಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಲೆಕ್ಕದ ಕ್ರಮ ಮಾತ್ರ ಇದೇ. ಇದಕ್ಕೆ ಬ್ಯಾಂಕಿನ ಕಾರ್ಡು ವಿದೇಶಿ ಹಣದ ವಹಿವಾಟಿಗೆ ಹಾಕುವ ಶುಲ್ಕವನ್ನೂ ಸೇರಿಸಬೇಕು. ಕೊಳ್ಳುವ ಮುನ್ನ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು, ಗದಗ ಇಲ್ಲವೆ ಹುಬ್ಬಳ್ಳಿಯ ಅಂಗಡಿಯ ಬೆಲೆಯೊಡನೆ ಹೋಲಿಸುವುದೇ ಉಳಿತಾಯದ ಮೊದಲ ಪಾಠ.

ಇನ್ನೊಂದು ಮಾತು. ಅಮೆರಿಕೆಯ ವಿದ್ಯುತ್ತು 120 ವೋಲ್ಟಿನದು, ನಮ್ಮದು 230. ಅಲ್ಲಿಯ ಮಿಕ್ಸರನ್ನು ಇಲ್ಲಿ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಕೆಟ್ಟರೆ ರಿಪೇರಿಗೆ ಬಿಡಿಭಾಗ ಸಿಗುವುದೂ ಕಷ್ಟ. ಅಗ್ಗವೆಂದು ತಂದದ್ದು ಅಟ್ಟ ಸೇರಬಾರದು.

ಪೆಟ್ಟಿಗೆಯಲ್ಲಿ ತರುವ ಸರಕು

ಪ್ರಯಾಣಿಕರಿಗೆ ಸರ್ಕಾರವು ಒಂದು ಮಿತಿಯವರೆಗೆ ಸುಂಕದ ವಿನಾಯಿತಿ ನೀಡಿದೆ. 2016ರ ಬ್ಯಾಗೇಜ್ ನಿಯಮಗಳಲ್ಲಿ, ನೇಪಾಳ, ಭೂತಾನ, ಮ್ಯಾನ್ಮಾರ್ ಹೊರತಾದ ದೇಶಗಳಿಂದ ಮರಳುವ ಭಾರತೀಯರಿಗೆ ಇದು 50,000 ರೂ. ಇತ್ತು. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮಗಳು ಇದನ್ನು 75,000 ರೂಪಾಯಿಗೆ ಏರಿಸಿದವು. ಬಳಸಿದ ಸ್ವಂತ ಬಟ್ಟೆಬರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹದಿನೆಂಟು ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು.

ಮಿತಿ ಮೀರಿದ ಮೊತ್ತಕ್ಕಷ್ಟೇ ಸುಂಕ. 2018ರ ಬಜೆಟ್ಟಿನ ಅನಂತರ ಈ ದರ ಅಧಿಭಾರ ಸೇರಿ ಶೇ. 38.5 ಆಯಿತು. ಆ ದರದಲ್ಲಿ 20,000 ರೂ. ಹೆಚ್ಚಿನ ಸರಕಿಗೆ 7,700 ರೂ. ಕೊಡಬೇಕಾಗುತ್ತಿತ್ತು. ಪ್ರಯಾಣಕ್ಕೆ ಮುನ್ನ ಆಗಿನ ದರವನ್ನು ಕಸ್ಟಮ್ಸ್ ಇಲಾಖೆಯ ಪ್ರಕಟಣೆಯಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಇಲ್ಲಿ ಅನೇಕರು ಒಂದು ತಪ್ಪು ಎಣಿಕೆ ಹಾಕುತ್ತಾರೆ. ಗಂಡಹೆಂಡತಿ ಇಬ್ಬರ ವಿನಾಯಿತಿಯನ್ನು ಕೂಡಿಸಿ ಒಂದು ದುಬಾರಿ ವಸ್ತು ತರಬಹುದೆಂದುಕೊಳ್ಳುತ್ತಾರೆ. ನಿಯಮ ಇದನ್ನು ಒಪ್ಪುವುದಿಲ್ಲ. ಒಬ್ಬರ ವಿನಾಯಿತಿ ಒಬ್ಬರಿಗೇ. ಹಾಗೆಯೇ, ದುಬೈಯಿಂದ ಟಿ.ವಿ. ತರುವುದು ಒಂದು ಕಾಲಕ್ಕೆ ದೊಡ್ಡ ಲಾಭವೆನಿಸಿತ್ತು. 2013ರ ಆಗಸ್ಟಿನಲ್ಲಿ ಚಪ್ಪಟೆ ಪರದೆಯ ಟಿ.ವಿ.ಗಳನ್ನು ವಿನಾಯಿತಿಯಿಂದ ಹೊರಗಿಟ್ಟ ಮೇಲೆ ಆ ಲಾಭ ಕರಗಿಹೋಯಿತು.

ಬಂಗಾರ ಮತ್ತು ಕರಡಿಗೆ

ನಮ್ಮ ತಾಯಂದಿರಿಗೆ ಬಹು ಮುಖ್ಯವಾದ ವಿಷಯವಿದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವವರಲ್ಲಿ ಮಹಿಳೆಯರು 40 ಗ್ರಾಂ, ಪುರುಷರು 20 ಗ್ರಾಂ ಆಭರಣವನ್ನು ಸುಂಕವಿಲ್ಲದೆ ತರಬಹುದು. 2016ರ ನಿಯಮದಲ್ಲಿ ತೂಕದೊಡನೆ ಬೆಲೆಯ ಮಿತಿಯೂ ಇತ್ತು. 2026ರಲ್ಲಿ ಬೆಲೆಯ ಮಿತಿಯನ್ನು ತೆಗೆದು ತೂಕವನ್ನಷ್ಟೇ ಉಳಿಸಿದರು. ಇದು ಆಭರಣಕ್ಕೆ ಮಾತ್ರ. ಬಂಗಾರದ ಗಟ್ಟಿ, ಬಿಸ್ಕತ್ತುಗಳಿಗಲ್ಲ.

ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹೋಗಿ ಬರುವ ತಾಯಿಗೆ ಈ ವಿನಾಯಿತಿ ಸಲ್ಲುವುದಿಲ್ಲ. ಆಕೆ ಇಲ್ಲಿಂದ ಧರಿಸಿಕೊಂಡು ಹೋದ ಪಾಟಲಿ, ಬಿಲ್ವರ, ಸರ, ಬೆಳ್ಳಿಯ ಇಲ್ಲವೆ ಬಂಗಾರದ ಕರಡಿಗೆ ಎಲ್ಲವೂ ಮನೆತನದ ಹಳೆಯ ಒಡವೆಗಳೇ. ಆದರೆ ಮರಳುವಾಗ ಅವು ಹಳೆಯವೆಂದು ತೋರಿಸುವುದು ಹೇಗೆ? ಇದಕ್ಕೊಂದು ಸುಲಭ ದಾರಿಯಿದೆ. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಒಡವೆಗಳನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬೇಕು. ಊರಿನ ಅಕ್ಕಸಾಲಿಗರಿಂದ ತೂಕದ ಚೀಟಿ, ಒಡವೆಗಳ ಭಾವಚಿತ್ರ ಜೊತೆಗಿದ್ದರೆ ಕೆಲಸ ಹಗುರ. ಅದಕ್ಕಾಗಿ ತುಸು ಬೇಗನೆ ನಿಲ್ದಾಣ ತಲುಪಬೇಕು.

ಅಂಚೆಯ ಉಡುಗೊರೆ

ಉಡುಗೊರೆಗೆ ಸುಂಕವಿಲ್ಲವೆಂಬ ನಂಬಿಕೆ ಇನ್ನೂ ಹಲವರಲ್ಲಿದೆ. 2019ರ ಡಿಸೆಂಬರಿನಲ್ಲಿ ಆ ಸೌಲಭ್ಯ ನಿಂತಿತು. ಜೀವರಕ್ಷಕ ಔಷಧ ಮತ್ತು ರಾಖಿಯ ಹೊರತು, ಅಂಚೆ ಇಲ್ಲವೆ ಕೊರಿಯರಿನಲ್ಲಿ ಬರುವ ಉಡುಗೊರೆಗೆ ಪೂರ್ಣ ಸುಂಕ ತೆರಬೇಕು. ಆದಕಾರಣ ಮಕ್ಕಳು ಸಣ್ಣಪುಟ್ಟ ವಸ್ತುಗಳನ್ನು ಅಂಚೆಯಲ್ಲಿ ಕಳಿಸುವುದಕ್ಕಿಂತ ಊರಿಗೆ ಬರುವಾಗ ತಮ್ಮ ಮಿತಿಯೊಳಗೆ ತರುವುದೇ ಮಿತವ್ಯಯ. ಮುದ್ರಿತ ಪುಸ್ತಕಗಳ ಮೇಲೆ ಹೊರೆ ಕಡಿಮೆ: 2019ರಲ್ಲಿ ಅವುಗಳಿಗೆ ಶೇ. 5 ಮೂಲ ಸುಂಕ ಹಾಕಿದರೂ ಜಿ.ಎಸ್.ಟಿ. ಇಲ್ಲ.

ಅಲ್ಲಿ ಕೊಟ್ಟ ತೆರಿಗೆಯನ್ನು ಮರಳಿ ಪಡೆಯುವುದೂ ಉಳಿತಾಯವೇ. ಪ್ರವಾಸಿಗರು ಕೊಂಡ ಸರಕಿನ ತೆರಿಗೆಯನ್ನು ಸಿಂಗಾಪುರ, ಸಂಯುಕ್ತ ಅರಬ್ ಸಂಸ್ಥಾನ ಮೊದಲಾದ ದೇಶಗಳು ಶುಲ್ಕ ಕಳೆದು ಹಿಂದಿರುಗಿಸುತ್ತವೆ. ಅಂಗಡಿಯಲ್ಲಿಯೇ ಪಾಸ್‌ಪೋರ್ಟ್ ತೋರಿಸಿ ರಸೀದಿ ಪಡೆದಿರಬೇಕು. ಗ್ರೇಟ್ ಬ್ರಿಟನ್ನಿನಲ್ಲಿ ಈ ಸೌಲಭ್ಯ 2021ರ ಜನವರಿಯಿಂದ ಇಲ್ಲ.

ವ್ಯಾಪಾರಕ್ಕಾಗಿ ಯಂತ್ರ ತರಿಸುವ ಬಂಧುಗಳಿಗೂ ಒಂದು ಮಾತು. ಅವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಜಿ.ಎಸ್.ಟಿ. ನೋಂದಣಿಯಿದ್ದರೆ ಆಮದಿನಲ್ಲಿ ಕೊಟ್ಟ ಜಿ.ಎಸ್.ಟಿ.ಯನ್ನು ನಿಯಮಾನುಸಾರ ಜಮಾ ಪಡೆಯಬಹುದು. ಮೂಲ ಸುಂಕವನ್ನು ಹಾಗೆ ಪಡೆಯಲಾಗದು.

ಎಚ್ಚರ ತಪ್ಪಿದರೆ

ಸುಂಕಕ್ಕಿಂತ ದೊಡ್ಡ ಹಾನಿ ಎರಡು ಕಡೆಯಿಂದ ಬರುತ್ತದೆ. ಒಂದು, ಅಪರಿಚಿತರು ಕೊಟ್ಟ ಪೊಟ್ಟಣ. ‘ಅಮ್ಮಾ, ನನ್ನ ಚೀಲ ಭಾರವಾಗಿದೆ, ಇದೊಂದನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ’ ಎಂದು ಕೇಳುವವರಿಗೆ ನಮ್ಮ ಹಿರಿಯರು ಇಲ್ಲವೆನ್ನಲು ಸಂಕೋಚಪಡುತ್ತಾರೆ. ಒಳಗೆ ಬಂಗಾರವಿದ್ದರೆ, ಮಾದಕ ವಸ್ತುವಿದ್ದರೆ, ಪೆಟ್ಟಿಗೆ ಯಾರದೋ ಅವರೇ ಉತ್ತರಿಸಬೇಕಾಗುತ್ತದೆ. ಇಲ್ಲಿ ದಾಕ್ಷಿಣ್ಯ ಸಲ್ಲದು.

ಎರಡನೆಯದು ದೂರವಾಣಿಯ ಮೋಸ. ‘ನಿಮ್ಮ ಹೆಸರಿಗೆ ಹೊರದೇಶದಿಂದ ಬೆಲೆಬಾಳುವ ಉಡುಗೊರೆ ಬಂದಿದೆ, ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ, ಈ ಖಾತೆಗೆ ಹಣ ಹಾಕಿರಿ, ಇಲ್ಲವಾದರೆ ಬಂಧನ’ ಎಂದು ಬೆದರಿಸುತ್ತಾರೆ. ಆಸೆ ಮತ್ತು ಅಂಜಿಕೆ ಎರಡನ್ನೂ ಏಕಕಾಲಕ್ಕೆ ಕೆರಳಿಸುವುದೇ ಅವರ ತಂತ್ರ. ಕಸ್ಟಮ್ಸ್ ಇಲಾಖೆ ಯಾರ ಖಾಸಗಿ ಖಾತೆಗೂ ಹಣ ಹಾಕಲು ಕರೆ ಮಾಡುವುದಿಲ್ಲ. 2019ರಿಂದ ಇಲಾಖೆಯ ಪತ್ರಗಳಲ್ಲಿ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸಬಹುದು. ಹಣ ಕಳೆದುಕೊಂಡವರು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ದೂರು ಕೊಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಕೆಲವರು ಬೆಲೆ ಇಳಿಸಿ ಬರೆಸಿದ ರಸೀದಿ ತರುತ್ತಾರೆ. ಕೆಲವರು ಹಸಿರು ದಾರಿಯಲ್ಲಿ ಸುಮ್ಮನೆ ನಡೆದುಬಿಡುತ್ತಾರೆ. ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯಿದೆಯಂತೆ ಸರಕಿನ ಮುಟ್ಟುಗೋಲು, ದಂಡ ಎರಡೂ ಉಂಟು. ಸುಂಕ ಬೀಳುವ ವಸ್ತುವಿದ್ದರೆ ಕೆಂಪು ದಾರಿಗೆ ಹೋಗಿ, ನಿಜವಾದ ರಸೀದಿ ತೋರಿಸಿ, ಸುಂಕ ಕಟ್ಟಿ ರಸೀದಿ ಪಡೆಯುವುದೇ ಗೌರವದ ಮಾರ್ಗ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ರಾಜ್ಯದ ಬೊಕ್ಕಸ ಪ್ರಜೆಗಳದೆಂದು ಬಲ್ಲವರು. ಅವರ ಅನುಯಾಯಿಗಳಾದ ನಾವು ನ್ಯಾಯವಾಗಿ ಸಿಗುವ ವಿನಾಯಿತಿಯನ್ನು ಒಂದು ಪೈಸೆಯೂ ಬಿಡದೆ ಪಡೆಯೋಣ. ನ್ಯಾಯವಾಗಿ ಕೊಡಬೇಕಾದುದನ್ನು ಒಂದು ಪೈಸೆಯೂ ಉಳಿಸಿಕೊಳ್ಳದೆ ಕೊಡೋಣ. ಹಾಗೆ ಉಳಿದ ಹಣವೇ ಮನೆಗೂ ದಾಸೋಹಕ್ಕೂ ಒದಗುವ ಶುದ್ಧ ಧನ.