ಮಜ್ಜೆಯ ಅರ್ಬುದ: ಬೆನ್ನುನೋವಿನ ವೇಷದಲ್ಲಿ ಬರುವ ವ್ಯಾಧಿ

ನಮ್ಮ ಮುಧೋಳ-ಜಮಖಂಡಿಗಳ ಕಡೆಗೆ ಬೆನ್ನುನೋವಿನ ಮಾತು ಕೇಳಿಬರದ ಮನೆಯೇ ವಿರಳ. ಘಟಪ್ರಭೆಯ ದಂಡೆಯ ಎರೆಭೂಮಿಯಲ್ಲಿ ಕಬ್ಬು ಕಡಿದು ಹೊರೆ ಹೊರುವವರಿಗೂ, ರಬಕವಿ-ಬನಹಟ್ಟಿಗಳಲ್ಲಿ ದಿನವಿಡೀ ಮಗ್ಗದ ಮುಂದೆ ದುಡಿಯುವವರಿಗೂ ಅದು ನಿತ್ಯದ ಒಡನಾಡಿ. ಅದಕ್ಕೆ ನಾವು ಎಣ್ಣೆ ತಿಕ್ಕುವೆವು, ಕಾವು ಕೊಡುವೆವು, ಸಂತೆಗೆ ಹೋದಾಗ ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆಯನ್ನು ಕೇಳಿ ನುಂಗುವೆವು. ಬಹುತೇಕ ಪ್ರಸಂಗಗಳಲ್ಲಿ ಇಷ್ಟರಿಂದಲೇ ಉಪಶಮನವಾಗುವದು. ಆದರೆ ಐವತ್ತು ದಾಟಿದ ಗೃಹಸ್ಥನಿಗಾಗಲಿ ಗೃಹಿಣಿಗಾಗಲಿ ನೋವು ತಿಂಗಳು ಕಳೆದರೂ ಹಿಂಜರಿಯದೆ, ಜೊತೆಗೆ ಮುಖ ಬಿಳಿಚಿ, ನಾಲ್ಕು ಹೆಜ್ಜೆಗೆ ದಣಿವಾಗಿ, ಮೇಲಿಂದ ಮೇಲೆ ಜ್ವರ-ಕೆಮ್ಮುಗಳು ಬರಹತ್ತಿದರೆ, ಅದು ದುಡಿಮೆಯ ನೋವೆಂದು ಸುಮ್ಮನಿರತಕ್ಕದ್ದಲ್ಲ. ಎಲುಬಿನೊಳಗಣ ಮಜ್ಜೆಯಲ್ಲಿ ಹುಟ್ಟುವ ಅರ್ಬುದವೊಂದು ಹೀಗೆಯೇ ತಲೆದೋರುವದುಂಟು. ಡಾಕ್ಟರರು ಇದನ್ನು ಮಲ್ಟಿಪಲ್ ಮೈಲೋಮಾ ಎನ್ನುವರು.

ಹೆಸರು ಗ್ರೀಕ ಭಾಷೆಯದು. ಮಜ್ಜೆಯ ಗಡ್ಡೆಯೆಂದು ಅದರ ಅರ್ಥ. ನಮ್ಮ ಆಯುರ್ವೇದದ ಸಪ್ತಧಾತುಗಳಲ್ಲಿ ಅಸ್ಥಿಯ ಮುಂದಿನದೇ ಮಜ್ಜೆ. ಹಾಗೆಂದು ಪ್ರಾಚೀನರು ಈ ರೋಗವನ್ನು ಅರಿತಿದ್ದರೆಂದು ಸಾಧಿಸಹೊರಡುವ ಪಂಡಿತರ ಗುಂಪಿಗೆ ನಾನು ಸೇರಿದವನಲ್ಲ. ಸೂಕ್ಷ್ಮದರ್ಶಕದ ಹೊರತು ಇದು ಕಾಣುವಂಥದಲ್ಲ.

ರಕ್ತವು ತಯಾರಾಗುವದು ಮಜ್ಜೆಯಲ್ಲಿಯೇ. ಅಲ್ಲಿ ಪ್ಲಾಸ್ಮಾ ಕಣಗಳೆಂಬ ಒಂದು ಜಾತಿಯ ಕಣಗಳಿರುವವು. ದೇಹವನ್ನು ಹೊಕ್ಕ ರೋಗಾಣುಗಳ ವಿರುದ್ಧ ಬಗೆಬಗೆಯ ಪ್ರತಿಕಾಯಗಳನ್ನು ಸಿದ್ಧಪಡಿಸುವದು ಅವುಗಳ ಕರ್ತವ್ಯ. ಇವುಗಳಲ್ಲಿ ಒಂದು ಕಣವು ಕೆಟ್ಟು, ತನ್ನಂಥವುಗಳನ್ನೇ ಅಸಂಖ್ಯವಾಗಿ ಹೆತ್ತು, ನಿರುಪಯೋಗಿಯಾದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯತೊಡಗುವದೇ ಈ ವ್ಯಾಧಿಯು. ಒಳ್ಳೆಯ ಕಣಗಳಿಗೆ ಸ್ಥಳವಿಲ್ಲದಾಗಿ ರಕ್ತಹೀನತೆಯುಂಟಾಗುವದು. ನಿಜವಾದ ಪ್ರತಿಕಾಯಗಳು ಕುಂದಿ ನ್ಯುಮೋನಿಯಾದಂಥ ಸೋಂಕುಗಳು ತಗಲುವವು. ಎಲುಬನ್ನು ಕರಗಿಸುವ ಕಣಗಳು ಕೆರಳಿ ಬೆನ್ನೆಲುಬು, ಪಕ್ಕೆಲುಬು, ತಲೆಬುರುಡೆಗಳಲ್ಲಿ ರಂಧ್ರಗಳಾಗುವವು. ಕರಗಿದ ಸುಣ್ಣದ ಅಂಶವು ರಕ್ತದಲ್ಲಿ ಹೆಚ್ಚಿ ಬಾಯಾರಿಕೆ, ಮಲಬದ್ಧತೆ, ಮಂಕು ಕವಿಯುವವು. ಆ ಪ್ರೋಟೀನಿನ ತುಣುಕುಗಳು ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಕಟ್ಟಿಕೊಂಡು ಅದನ್ನೂ ಕೆಡಿಸುವವು.

ನೋವಿನ ಗುಳಿಗೆಯ ಅಪಾಯವಿರುವದು ಇಲ್ಲಿಯೇ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮೊದಲಾದವು ಮೂತ್ರಪಿಂಡಕ್ಕೆ ಭಾರವಾದವು. ಮೊದಲೇ ಪೀಡಿತವಾದ ಮೂತ್ರಪಿಂಡದ ಮೇಲೆ ತಿಂಗಳುಗಟ್ಟಲೆ ಅವುಗಳ ಪ್ರಯೋಗವಾದರೆ, ರೋಗದ ಹೆಸರು ತಿಳಿಯುವ ಮುನ್ನವೇ ಡಯಾಲಿಸಿಸಿನ ಪಾಳಿ ಬರಬಹುದು.

ಇದರ ಪೂರ್ವಚರಿತ್ರೆಯು ಸ್ವಾರಸ್ಯವುಳ್ಳದ್ದು. 1844ರಲ್ಲಿ ಲಂಡನ್ನಿನ ಕಿರಾಣಿ ವ್ಯಾಪಾರಿ ಥಾಮಸ್ ಅಲೆಕ್ಸಾಂಡರ್ ಮ್ಯಾಕ್‌ಬೀನ್ ಎಂಬವನು ವಿಶ್ರಾಂತಿಗೆಂದು ಊರ ಹೊರಗೆ ಹೋಗಿದ್ದಾಗ, ನೆಲಮಾಳಿಗೆಯಂಥ ಗುಹೆಯೊಂದರಿಂದ ಜಿಗಿದು ಮೇಲೆ ಬರಲು, ಎದೆಯೊಳಗೆ ಏನೋ ಮುರಿದಂತಾಯಿತು. ಉಕ್ಕಿನ ಅಂಶವುಳ್ಳ ಔಷಧ, ಕ್ವಿನೈನು ಎಲ್ಲವೂ ಆದವು. ಮರುವರ್ಷ ಡಾಕ್ಟರ ವಿಲಿಯಂ ಮ್ಯಾಕಿಂಟಾಯರ್ ಅವನ ಮೂತ್ರವನ್ನು ಪರೀಕ್ಷಿಸುವಾಗ ಒಂದು ಸೋಜಿಗ ಕಂಡಿತು: ಕಾಯಿಸಿದರೆ ಗಟ್ಟಿಯಾಗುವ ಪದಾರ್ಥವು ಇನ್ನೂ ಕಾಯಿಸಿದರೆ ಕರಗುವದು, ಆರಿದರೆ ಪುನಃ ಕಾಣಿಸಿಕೊಳ್ಳುವದು! ಅದನ್ನು ರಸಾಯನಜ್ಞನಾದ ಹೆನ್ರಿ ಬೆನ್ಸ್ ಜೋನ್ಸ್‌ನಲ್ಲಿಗೆ ಕಳಿಸಲಾಯಿತು. ಆ ಪ್ರೋಟೀನು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮ್ಯಾಕ್‌ಬೀನನು 1846ರ ಜನವರಿ 1ರಂದು ತೀರಿಕೊಂಡನು. ಅವನ ಎಲುಬುಗಳು ಮೆತ್ತಗಾಗಿದ್ದವು. ನಮ್ಮ ದವಾಖಾನೆಗಳಲ್ಲಿ ಪಟ್ಟಿಯನ್ನು ಅದ್ದಿ ಮಾಡುವ ಸಾಮಾನ್ಯ ಮೂತ್ರಪರೀಕ್ಷೆಯಲ್ಲಿ ಈ ಪ್ರೋಟೀನು ಹಲವು ಸಲ ಸಿಕ್ಕುವದಿಲ್ಲ. ಆ ಪರೀಕ್ಷೆ ಸರಿಯಿದೆಯೆಂಬ ಮಾತ್ರಕ್ಕೆ ನಿಶ್ಚಿಂತರಾಗಲಾಗದು.

ಹಾಗಾದರೆ ಏನನ್ನು ನೋಡತಕ್ಕದ್ದು? ಹಿಮೋಗ್ಲೋಬಿನ್, ಇ.ಎಸ್.ಆರ್., ಕ್ರಿಯಾಟಿನಿನ್, ಕ್ಯಾಲ್ಸಿಯಂ ಹಾಗೂ ರಕ್ತದ ಒಟ್ಟು ಪ್ರೋಟೀನು; ಇವು ದುಬಾರಿಯವಲ್ಲ. ಇವುಗಳಲ್ಲಿ ಸಂಶಯ ಬಂದರೆ ಪ್ರೋಟೀನ್ ಇಲೆಕ್ಟ್ರೊಫೊರೆಸಿಸ್, ಫ್ರೀ ಲೈಟ್ ಚೈನ್ ಪರೀಕ್ಷೆಗಳು, ಕೊನೆಗೆ ಸೊಂಟದ ಎಲುಬಿನಿಂದ ತುಸು ಮಜ್ಜೆಯನ್ನು ತೆಗೆದು ನೋಡುವದು. ಪ್ರೋಟೀನು ಮಾತ್ರ ಸ್ವಲ್ಪ ಹೆಚ್ಚಿದ್ದು ಬೇರೆ ಬಾಧೆಯಿಲ್ಲದವರೂ ಇರುತ್ತಾರೆ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಒಬ್ಬರಿಗೆ ಮಾತ್ರ ಮೈಲೋಮಾ ಅಥವಾ ಅದಕ್ಕೆ ಸಂಬಂಧಿಸಿದ ರೋಗವಾಗುವದರಿಂದ ಔಷಧ ಬೇಡ, ಕಾಲಕಾಲಕ್ಕೆ ತಪಾಸಣೆ ಸಾಕು. ಪಾಶ್ಚಾತ್ಯರಲ್ಲಿ ಈ ರೋಗವು ಎಪ್ಪತ್ತರ ಸುಮಾರಿಗೆ ಗೊತ್ತಾದರೆ, ನಮ್ಮ ದೇಶದಲ್ಲಿ ಅದಕ್ಕಿಂತ ಹತ್ತು ವರ್ಷ ಮೊದಲೇ ಕಾಣುತ್ತಿದೆ. ಇದು ಅಂಟುಜಾಡ್ಯವಲ್ಲ, ರೋಗಿಯ ತಟ್ಟೆ-ಲೋಟಗಳನ್ನು ಬೇರೆಯಿಡುವ ಅವಿಚಾರ ಬೇಡ.

ಔಷಧಗಳ ಇತಿಹಾಸದಲ್ಲಿ ಥ್ಯಾಲಿಡೊಮೈಡಿನ ಪ್ರಸಂಗವು ವಿಲಕ್ಷಣವಾದುದು. 1957ರಲ್ಲಿ ಜರ್ಮನಿಯಲ್ಲಿ ನಿದ್ರೆಯ ಗುಳಿಗೆಯಾಗಿ ಮಾರಾಟಕ್ಕೆ ಬಂದ ಇದನ್ನು ಗರ್ಭಿಣಿಯರೂ ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು. 1961ರಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ಅದೇ ವಿಷವು ಮೈಲೋಮಾಕ್ಕೆ ಮದ್ದಾಗುವದೆಂದು 1999ರಲ್ಲಿ ಅಮೇರಿಕೆಯ ಅರ್ಕನ್ಸಾದಿಂದ ಪ್ರಕಟಿಸಿದವರಲ್ಲಿ ಭಾರತೀಯ ಮೂಲದ ಡಾಕ್ಟರ ಸೀಮಾ ಸಿಂಘಲ್ ಮೊದಲಿಗರು. ಅನ್ಯ ಔಷಧಗಳಿಗೆ ಬಗ್ಗದ ರೋಗಿಗಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಗುಣ ಕಂಡಿತ್ತು. ಇಂದು ಪ್ರಚಾರದಲ್ಲಿರುವ ಲೆನಾಲಿಡೊಮೈಡ್ ಅದರ ವಂಶದ್ದೇ. ಆದಕಾರಣ ಮನೆಯಲ್ಲಿ ಉಳಿದ ಗುಳಿಗೆಗಳನ್ನು ಬೇರೊಬ್ಬರಿಗೆ ಕೊಡುವದು ಸರ್ವಥಾ ಕೂಡದು. ಗರ್ಭಿಣಿಯರು ಅವನ್ನು ಮುಟ್ಟಲೂಬಾರದು.

ಈಗಿನ ಉಪಚಾರದಲ್ಲಿ ಪ್ರಾಯಶಃ ಬೋರ್ಟೆಝೋಮಿಬ್ ಎಂಬ ಚುಚ್ಚುಮದ್ದು, ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಗುಳಿಗೆಗಳು ಕೂಡಿರುವವು. ಕೆಲವರಿಗೆ 2015ರಲ್ಲಿ ಬಂದ ಡಾರಾಟುಮುಮ್ಯಾಬ್ ಸೇರುವದು. ಮೊದಲೆರಡು ಔಷಧಗಳನ್ನು ಭಾರತದ ಕಂಪನಿಗಳೇ ತಯಾರಿಸುವದರಿಂದ ಬೆಲೆಯು ಬಹಳ ಇಳಿದಿದೆ. ಕೆಲವು ತಿಂಗಳ ನಂತರ, ದೇಹಶಕ್ತಿಯುಳ್ಳವರಿಗೆ ಅವರವೇ ಮೂಲಕಣಗಳನ್ನು ರಕ್ತದಿಂದ ಬೇರ್ಪಡಿಸಿಟ್ಟು, ಪ್ರಬಲವಾದ ಮೆಲ್ಫಲಾನ್ ಕೊಟ್ಟು, ಆ ಕಣಗಳನ್ನು ಮರಳಿ ದೇಹಕ್ಕೆ ಸೇರಿಸುವರು. ಇದಕ್ಕೆ ಮಜ್ಜೆಯ ಕಸಿಯೆಂದು ಹೆಸರು. ಕುಯ್ಯುವದಾಗಲಿ ಹೊಲಿಯುವದಾಗಲಿ ಇದರಲ್ಲಿಲ್ಲ. ಎಲುಬುಗಳ ಬಲಕ್ಕೆ ಝೋಲೆಡ್ರೋನಿಕ್ ಆಮ್ಲವನ್ನು ಕೊಡುವ ಮೊದಲು ಹಲ್ಲುಗಳನ್ನು ತೋರಿಸಿಕೊಳ್ಳತಕ್ಕದ್ದು. ಅಂಗಾಲು ಜುಮ್ಮೆಂದರೆ ಡಾಕ್ಟರರಿಗೆ ಕೂಡಲೇ ತಿಳಿಸಬೇಕು, ಸಹಿಸಿಕೊಂಡಿರಬಾರದು.

ರೋಗವು ನಿರ್ಮೂಲವಾಗುವದೆಂದು ಹೇಳುವ ಕಾಲ ಇನ್ನೂ ಬಂದಿಲ್ಲ. ಆದರೂ ಹಿಂದೆ ಎರಡು-ಮೂರು ವರ್ಷಗಳ ಆಯುಷ್ಯವೆನ್ನುತ್ತಿದ್ದಲ್ಲಿ ಈಗ ಹತ್ತು ವರ್ಷ ದಾಟಿದವರು ಅನೇಕರಿದ್ದಾರೆ. ಬಿಹಾರದ ಗಾಯಕಿ ಶಾರದಾ ಸಿನ್ಹಾ ಇದೇ ರೋಗದಿಂದ ಬಳಲಿ 2024ರಲ್ಲಿ ನಿಧನರಾದರು. ನಟಿ ಕಿರಣ್ ಖೇರ್ ಅವರ ಕಾಯಿಲೆ 2021ರಲ್ಲಿ ಬಹಿರಂಗವಾಗಿ, ಉಪಚಾರದ ತರುವಾಯ ಅವರು ಕೆಲಸಕ್ಕೆ ಮರಳಿದರು. ಮೂತ್ರಪಿಂಡವು ಕೆಟ್ಟಿದ್ದರೂ ಬೇಗನೆ ಔಷಧ ಆರಂಭವಾದರೆ ಎಷ್ಟೋ ಸಲ ಸುಧಾರಿಸುವದು. ತಿಂಗಳುಗಳು ಸಂದರೆ ಆ ಸಂಭವ ಕಡಿಮೆ.

ನಮ್ಮವರು ಹುಬ್ಬಳ್ಳಿಯ ನವನಗರದಲ್ಲಿರುವ ಕ್ಯಾನ್ಸರ್ ಆಸ್ಪತ್ರೆಗಾಗಲಿ, 1973ರಿಂದ ನಡೆದಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಹೋಗಬಹುದು. 2018ರಿಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಿದೆ. ಯಾವ ಚಿಕಿತ್ಸೆಗೆ ಎಷ್ಟು ನೆರವೆಂಬುದನ್ನು ಹೊರಡುವ ಮುನ್ನ ತಾಲೂಕು ಸರಕಾರಿ ದವಾಖಾನೆಯಲ್ಲಿ ಕೇಳಿ, ಅಲ್ಲಿಯ ಶಿಫಾರಸು ಪತ್ರವನ್ನೂ, ರೇಶನ್ ಕಾರ್ಡು-ಆಧಾರಗಳನ್ನೂ ಹಿಡಿದುಕೊಳ್ಳಬೇಕು. ಹಳೆಯ ರಕ್ತಪರೀಕ್ಷೆಯ ಕಾಗದಗಳಿದ್ದರೆ ಅವೂ ಜೊತೆಯಲ್ಲಿರಲಿ. ಹಿಮೋಗ್ಲೋಬಿನ್ ಯಾವಾಗಿನಿಂದ ಇಳಿಯುತ್ತ ಬಂದಿದೆಯೆಂಬುದನ್ನು ಡಾಕ್ಟರರು ಅವುಗಳಿಂದಲೇ ತಿಳಿಯುವರು.